ಕಾಸರಕ ಮರಕ್ಕೆ ಎಂಥ ಕ್ರಯ?

ಅಪ್ಪ ತೀರಿಕೊಂಡ ಮರುವರ್ಷ ಜಾಗ ಪಾಲು ಮಾಡಲು ಕೂತೆವು. ಅಣ್ಣ, ನಾನು, ನಡುವೆ ಮಾತಾಡಲು ಸೋದರಮಾವ. ಅಡಕೆ ತೋಟಕ್ಕೆ ಲೆಕ್ಕ ಸಿಕ್ಕಿತು, ಮನೆಗೆ ಸಿಕ್ಕಿತು, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಎರಡು ಸುರಂಗಗಳ ನೀರಿಗೂ ವಾರದ ದಿನ ಹಂಚಿ ಒಂದು ಕ್ರಮವಾಯಿತು. ಉಳಿದದ್ದು ತೋಟದ ಮೇಲಿನ ಪದವು. ಒಂದೂಮುಕ್ಕಾಲು ಎಕರೆ ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಹಾಸು. ಬೇಸಗೆಯಲ್ಲಿ ಬರಿಗಾಲಿಡಲಾಗದಷ್ಟು ಕಾಯುವ ಕಲ್ಲು, ನಡುನಡುವೆ ಮುಳಿಹುಲ್ಲು, ನಾಲ್ಕು ಕೇಪಳ ಪೊದೆ, ಅಂಚಿನಲ್ಲಿ ಒಂದು ಕಾಸರಕ ಮರ. ಕಾಸರಗೋಡಿನ ಪೂರ್ವಕ್ಕೆ, ಕರ್ನಾಟಕದ ಗಡಿ ಹತ್ತಿರವಾಗುತ್ತ ಹೋದ ಹಾಗೆ ಇಂಥ ಪದವುಗಳೇ ಪದವುಗಳು. ಸರಕಾರಿ ನಕ್ಷೆಗಳಲ್ಲಿ ಇಂಥ ಜಾಗಕ್ಕೆ ಇರುವ ಹೆಸರು ಬಂಜರು.

ಪಾಲಿನ ಸುದ್ದಿ ಹೇಗೋ ಹೊರಗೆ ಹೋಗಿ ಕೆಂಪುಕಲ್ಲಿನ ಕೋರೆಯವರೊಬ್ಬರು ಬಂದರು. ಒಳ್ಳೆಯ ಮನುಷ್ಯ. ಕುಡಿಯಲು ಕೊಟ್ಟ ಮಜ್ಜಿಗೆ ಕುಡಿದು, ಪದವಿಗೆ ಹತ್ತಿ, ಕಾಲಿನಲ್ಲಿ ಕಲ್ಲನ್ನು ತಟ್ಟಿ ನೋಡಿದರು. ಅಣ್ಣನ ಹತ್ತಿರ ಮೊತ್ತ ಹೇಳಿದರು. ಅಣ್ಣನ ಮುಖ ಅರಳಿತು, ನನ್ನದು ಅರಳಲಿಲ್ಲ. ಅವರು ನನ್ನ ಕಡೆ ತಿರುಗಿ ಕೇಳಿದರು: "ಅಲ್ಲ ಮಾಷ್ಟ್ರೇ, ಇಲ್ಲಿ ಎಂಥ ಉಂಟು? ಈ ಕಲ್ಲು ಬಿಟ್ರೆ ಒಂದು ಕಾಸರಕ. ಅದನ್ನು ದನವೂ ತಿನ್ನುವುದಿಲ್ಲ."

ನಾನು ಹೇಳಲು ಶುರುಮಾಡಿದೆ. ಮಳೆಗಾಲದ ನೀರು ಈ ಕಲ್ಲಿನಲ್ಲಿ ಇಂಗಿ ಕೆಳಗಿನ ಸುರಂಗಕ್ಕೆ ಬರುತ್ತದೆ ಎಂದೆ. "ಬೋರು ಕೊರೆಸುವ ಖರ್ಚು ನಾನು ಕೊಡುತ್ತೇನೆ" ಎಂದರು. ಕಾಸರಕದ ಬೀಜ ಆಯುರ್ವೇದಕ್ಕೆ ಬೇಕು, ಶುದ್ಧಿ ಮಾಡಿ ವಿಷಮುಷ್ಟಿ ಎಂದು ಕೊಡುತ್ತಾರೆ ಎಂದೆ. "ವರ್ಷಕ್ಕೆ ಎಷ್ಟು ಸಿಗ್ತದೆ ಅದರಲ್ಲಿ?" ಎಂದರು. ಹಣ್ಣಾದಾಗ ತಿರುಳು ತಿನ್ನಲು ಮಂಗಟ್ಟೆ ಹಕ್ಕಿ ಬರುತ್ತವೆ ಎಂದೆ. ಅದಕ್ಕೆ ಅವರು ಏನೂ ಹೇಳಲಿಲ್ಲ, ಸುಮ್ಮನೆ ನಕ್ಕರು. ಕಲ್ಲು ತೆಗೆದು ಆದ ಮೇಲೆ ಹೊಂಡಕ್ಕೆ ಮಣ್ಣು ತುಂಬಿಸಿ ಕೊಡುತ್ತೇನೆ, ತೆಂಗು ಇಡಬಹುದು ಎಂದೂ ಹೇಳಿದರು.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಸೋತದ್ದಕ್ಕಲ್ಲ. ನನಗೆ ನಿಜವಾಗಿ ಹೇಳಬೇಕೆಂದಿದ್ದ ಮಾತನ್ನು ನಾನು ಹೇಳಲೇ ಇಲ್ಲವಲ್ಲ ಎಂದು. ನೀರು, ಮದ್ದು, ಹಕ್ಕಿ ಎಂದು ಒಂದೊಂದೇ ಉಪಯೋಗ ಮುಂದಿಟ್ಟಾಗ ಪದವಿನ ಜಾಗವನ್ನು ನಾನೇ ತಕ್ಕಡಿಗೆ ಹಾಕಿದ್ದೆ. ತಕ್ಕಡಿಗೆ ಹಾಕಿದ ಮೇಲೆ ಆಚೆ ತಟ್ಟೆಯಲ್ಲಿ ಹೆಚ್ಚು ಇಟ್ಟವನು ಗೆದ್ದ. ಅದರಲ್ಲಿ ಅವನ ತಪ್ಪೇನು? ನನಗೆ ಹೇಳಬೇಕಿದ್ದದ್ದು ಬೇರೆ: ಈ ಪದವು ಇಲ್ಲಿ ತನ್ನಷ್ಟಕ್ಕೆ ಉಂಟು. ಯಾರಿಗೆ ಏನು ಕೊಟ್ಟರೂ ಕೊಡದಿದ್ದರೂ ಉಂಟು. ಅದನ್ನು ಕಳೆಯುವುದಕ್ಕೆ ನಮಗೆ ಕಾರಣ ಬೇಕು, ಉಳಿಯುವುದಕ್ಕೆ ಅದು ಕಾರಣ ಕೊಡಬೇಕಾಗಿಲ್ಲ.

ಹೇಳಲು ನಾಚಿಕೆಯಾಯಿತು ಎಂದರೂ ಸರಿಯೇ. ಬೆಳಗಾದ ಮೇಲೆ ಯೋಚಿಸಿದೆ, ಇದು ನನ್ನ ಭಾವುಕತೆಯೋ, ಇದಕ್ಕೆ ನಿಲ್ಲುವ ಕಾಲುಂಟೋ? ಪರಿಸರದ ನೀತಿಶಾಸ್ತ್ರ ಎಂದು ಒಂದು ಶಾಖೆಯೇ ಇದೆ, ಅಲ್ಲಿ ಐವತ್ತು ವರ್ಷಗಳಿಂದ ಈ ಒಂದು ಪ್ರಶ್ನೆಗೆ ತಲೆ ಚಚ್ಚಿಕೊಂಡವರಿದ್ದಾರೆ. ಅಂತರ್ಗತ ಮೌಲ್ಯ ಎಂಬುದು ಅವರ ಮಾತಿನ ಕನ್ನಡ ರೂಪ. ಭಾರದ ಪದ. ಮೌಲ್ಯ ಎನ್ನುವುದೇ ಮೂಲ್ಯದಿಂದ ಬಂದದ್ದು, ಮೂಲ್ಯವೆಂದರೆ ಕ್ರಯ. ಕ್ರಯದ ಮಾತಿನಿಂದ ತಪ್ಪಿಸಿಕೊಳ್ಳಲು ಹೋದರೆ ಭಾಷೆಯೇ ಕೈಹಿಡಿದು ಮತ್ತೆ ಪೇಟೆಗೆ ಕರೆತರುತ್ತದೆ. ಹಾಗಾಗಿ ನನಗೆ "ತನ್ನಷ್ಟಕ್ಕೆ" ಎಂಬ ನಮ್ಮ ಮಾತೇ ಸಾಕು.

ಮೂಲದ ವಾದ ಕಷ್ಟದ್ದಲ್ಲ. ಅಡಕೆ ಯಾಕೆ? ಹಣಕ್ಕೆ. ಹಣ ಯಾಕೆ? ಅಕ್ಕಿಗೆ, ಮಕ್ಕಳ ಓದಿಗೆ. ಓದು ಯಾಕೆ? ಹೀಗೆ ಕೇಳುತ್ತ ಹೋದರೆ ಎಲ್ಲಿಯೋ ಒಂದು ಕಡೆ "ಅದು ಅದಕ್ಕಾಗಿಯೇ" ಎಂದು ನಿಲ್ಲಲೇಬೇಕು, ಇಲ್ಲದಿದ್ದರೆ ಇಡೀ ಸರಪಳಿಗೆ ಅರ್ಥವಿಲ್ಲ. ಇದನ್ನು ಅರಿಸ್ಟಾಟಲನೇ ಹೇಳಿದ್ದ. ಜಗಳವಿರುವುದು ಸರಪಳಿ ಎಲ್ಲಿ ನಿಲ್ಲುತ್ತದೆ ಎನ್ನುವುದರಲ್ಲಿ. ಮನುಷ್ಯನಲ್ಲಿ ಮಾತ್ರ ನಿಲ್ಲುತ್ತದೆ ಎಂದ ಜರ್ಮನಿಯ ತತ್ತ್ವಜ್ಞಾನಿ ಕಾಂಟ್. ವಿವೇಚನೆಯುಳ್ಳ ಜೀವಿಯೊಂದೇ ಸ್ವತಃ ಗುರಿ, ಉಳಿದದ್ದೆಲ್ಲ ಸಾಧನ. ನಾಯಿಗೆ ಹೊಡೆಯಬಾರದು ಎನ್ನುವುದೂ ಅವನ ಪ್ರಕಾರ ನಾಯಿಗಾಗಿ ಅಲ್ಲ, ನಾಯಿಗೆ ಕ್ರೂರನಾದವನು ನಾಳೆ ಮನುಷ್ಯನಿಗೂ ಕ್ರೂರನಾಗುತ್ತಾನೆ ಎಂದು.

ಇದನ್ನು ಅಲುಗಾಡಿಸಿದ ಒಂದು ಪುಟ್ಟ ಕಲ್ಪನೆ 1973ರದ್ದು. ಬಲ್ಗೇರಿಯದ ವಾರ್ನಾದಲ್ಲಿ ನಡೆದ ವಿಶ್ವ ತತ್ತ್ವಶಾಸ್ತ್ರ ಸಮ್ಮೇಳನದಲ್ಲಿ ರಿಚರ್ಡ್ ರೌಟ್ಲಿ ಎಂಬವರು ಕೇಳಿದರು: ಭೂಮಿಯ ಮೇಲೆ ಒಬ್ಬನೇ ಒಬ್ಬ ಮನುಷ್ಯ ಉಳಿದಿದ್ದಾನೆ, ಅವನೂ ಸಾಯುತ್ತಿದ್ದಾನೆ. ಸಾಯುವ ಮೊದಲು ಅವನು ತನ್ನಿಂದಾದಷ್ಟು ಮರ, ಪ್ರಾಣಿ, ಎಲ್ಲವನ್ನೂ ನಾಶ ಮಾಡುತ್ತಾನೆ. ಅವನು ಮಾಡಿದ್ದು ತಪ್ಪೇ? ಮುಂದೆ ಮನುಷ್ಯರೇ ಇಲ್ಲ, ಯಾರ ಉಪಯೋಗವೂ ಕೆಡಲಿಲ್ಲ. ಆದರೂ ತಪ್ಪು ಎಂದು ನಿಮ್ಮೊಳಗೆ ಏನೋ ಹೇಳಿದರೆ, ಉಪಯೋಗವನ್ನು ಮೀರಿದ್ದು ಒಂದನ್ನು ನೀವು ಆಗಲೇ ಒಪ್ಪಿದ್ದೀರಿ ಎಂದರ್ಥ. ನ್ಯೂಜಿಲೆಂಡಿನಲ್ಲಿ ಹುಟ್ಟಿ ಆಸ್ಟ್ರೇಲಿಯದಲ್ಲಿ ಬಾಳಿದ ಅವರು ಮುಂದೆ ತಮ್ಮ ಕುಲನಾಮವನ್ನೇ ಬದಲಿಸಿ ಸಿಲ್ವನ್ ಎಂದಿಟ್ಟುಕೊಂಡರು. ಕಾಡಿನವನು ಎಂಬರ್ಥದ ಹೆಸರು.

ನಾನು ಆ ಕೊನೆಯ ಮನುಷ್ಯನನ್ನು ನಮ್ಮ ಪದವಿನ ಮೇಲೆ ನಿಲ್ಲಿಸಿ ನೋಡಿದೆ. ತಿಂಗಳು ಆಗಸ್ಟ್ ಎಂದಿಟ್ಟುಕೊಳ್ಳಿ. ತುಳುವಿನ ಆಟಿ ತಿಂಗಳು ಕಳೆದು ಮಳೆ ಸ್ವಲ್ಪ ಬಿಡುವು ಕೊಟ್ಟ ಹೊತ್ತು.

ಆ ಹೊತ್ತಿನಲ್ಲಿ ಪದವನ್ನು ನಿಂತು ನೋಡಬಾರದು, ಮೊಣಕಾಲೂರಿ ನೋಡಬೇಕು. ಕಲ್ಲಿನ ಮೇಲೆ ಒಂದು ಬೆರಳಿನಷ್ಟೂ ಇಲ್ಲದ ಮಣ್ಣು, ಅದರ ಮೇಲೆ ಹರಿದೂ ಹರಿಯದ ನೀರಿನ ಪದರ. ಆ ಪದರದಲ್ಲಿ ನೀಲಿ ಹೂಗಳು ನೆಲವೇ ಕಾಣದ ಹಾಗೆ ಹಾಸಿಕೊಂಡಿರುತ್ತವೆ. ಮಲಯಾಳದವರು ಕಾಕ್ಕಪ್ಪೂವು ಎನ್ನುತ್ತಾರೆ, ಓಣಂ ಹೂವಿನ ರಂಗೋಲಿಗೆ ಕೊಯ್ಯುತ್ತಾರೆ. ಯುಟ್ರಿಕ್ಯುಲೇರಿಯ ಎಂದು ಸಸ್ಯಶಾಸ್ತ್ರದ ಹೆಸರು. ಒಂದು ಗಿಡವನ್ನು ಮೆಲ್ಲಗೆ ಮಣ್ಣು ಸಮೇತ ಎತ್ತಿ ಭೂತಗನ್ನಡಿಯಡಿ ಹಿಡಿದರೆ, ಬೇರಿನ ಹಾಗೆ ಕಾಣುವ ಎಳೆಗಳಲ್ಲಿ ಸಾಸಿವೆಗಿಂತ ಸಣ್ಣ ಚೀಲಗಳು. ಚೀಲದೊಳಗಿನ ನೀರನ್ನು ಗಿಡ ಹೊರಹಾಕಿ ಬಾಗಿಲು ಮುಚ್ಚಿ ಕಾಯುತ್ತದೆ. ನೀರಿನಲ್ಲಿ ಓಡಾಡುವ ಕಣ್ಣಿಗೆ ಕಾಣದಂಥ ಜೀವಿ ಬಾಗಿಲಿನ ರೋಮಕ್ಕೆ ತಾಗಿದರೆ ಸೆಕೆಂಡಿನ ಸಾವಿರ ಪಾಲಿನಲ್ಲಿ ಕೆಲವೇ ಪಾಲಿನಷ್ಟು ಹೊತ್ತಿನಲ್ಲಿ ಬಾಗಿಲು ತೆರೆದು, ನೀರಿನೊಟ್ಟಿಗೆ ಜೀವಿಯನ್ನು ಎಳೆದುಕೊಂಡು, ಮುಚ್ಚಿಯಾಯಿತು. ಸಾರವಿಲ್ಲದ ಈ ಕಲ್ಲಿನಲ್ಲಿ ಸಾರಜನಕಕ್ಕೆ ಆ ಗಿಡ ಕಂಡುಕೊಂಡ ದಾರಿ ಇದು. ಪಕ್ಕದ ಕುಳಿಯಲ್ಲಿ ಅಂಗೈಯಷ್ಟು ನೀರು, ಅದರಲ್ಲಿ ಗೊದಮೊಟ್ಟೆಗಳು. ನೀರು ಬತ್ತುವುದರೊಳಗೆ ಕಾಲು ಮೂಡಬೇಕೆಂಬ ಅವಸರದಲ್ಲಿರುತ್ತವೆ. ಅಕ್ಟೋಬರಿನಲ್ಲಿ ಬಂದರೆ ಇದೊಂದೂ ಇರುವುದಿಲ್ಲ. ಒಣ ಹುಲ್ಲು, ಕಾದ ಕಲ್ಲು. ಬೀಜಗಳು ಕಲ್ಲಿನ ಬಿರುಕಿನಲ್ಲಿ ಕೂತು ಮುಂದಿನ ಮಳೆಯನ್ನು ಕಾಯುತ್ತಿರುತ್ತವೆ.

ಕೊನೆಯ ಮನುಷ್ಯ ಈ ಪದವಿನ ಮೇಲೆ ಜೆಸಿಬಿ ಹರಿಸಿದರೆ ಯಾರಿಗೂ ಏನೂ ನಷ್ಟವಿಲ್ಲ ಎಂದು ನನ್ನಿಂದ ಹೇಳಲಾಗುವುದಿಲ್ಲ. ಅದಕ್ಕೆ ನಷ್ಟ. ಆ "ಅದಕ್ಕೆ" ಎಂಬ ಪದ ಇಲ್ಲಿ ಅರ್ಥವುಳ್ಳದ್ದೇ ಎಂಬುದೇ ಪ್ರಶ್ನೆ.

ಅರ್ಥವುಳ್ಳದ್ದು ಎಂದು 1986ರಲ್ಲಿ ವಾದಿಸಿದವರು ಅಮೆರಿಕದ ತತ್ತ್ವಜ್ಞಾನಿ ಪಾಲ್ ಟೇಲರ್. ಅವರಿಗಿಂತ ಮೊದಲು ಪೀಟರ್ ಸಿಂಗರ್ ನೋವು ತಿಳಿಯುವ ಜೀವಿಗಳ ತನಕ ಗೆರೆಯನ್ನು ಎಳೆದಿದ್ದರು. ಟಾಮ್ ರೇಗನ್ ತನ್ನ ಬದುಕಿನ ಅರಿವು ತನಗಿರುವ ಪ್ರಾಣಿಗಳನ್ನು ಸೇರಿಸಿದ್ದರು. ಎರಡರಲ್ಲೂ ಕಾಸರಕ ಹೊರಗೆ. ಟೇಲರ್ ಹೇಳಿದ್ದು, ನೋವು ಬೇಕಾಗಿಲ್ಲ, ಅರಿವೂ ಬೇಕಾಗಿಲ್ಲ, ಪ್ರತಿಯೊಂದು ಜೀವಕ್ಕೂ ಅದರದ್ದೇ ಆದ ಒಳಿತೊಂದಿದೆ, ಅದರ ಕಡೆ ಅದು ತನ್ನದೇ ರೀತಿಯಲ್ಲಿ ನಡೆಯುತ್ತಿರುತ್ತದೆ. ಯಂತ್ರಕ್ಕೂ ಗುರಿಯುಂಟು, ಆದರೆ ಅದು ಮಾಡಿದವನ ಗುರಿ. ಅಡಕೆ ಸುಲಿಯುವ ಯಂತ್ರಕ್ಕೆ ಎಣ್ಣೆ ಹಾಕಿದರೆ ಒಳಿತಾಗುವುದು ನನಗೆ. ಕಾಸರಕದ ಬುಡಕ್ಕೆ ನೀರು ಬಿದ್ದರೆ ಒಳಿತಾಗುವುದು ಕಾಸರಕಕ್ಕೆ. ಎಲೆಯ ಕಹಿ ನನ್ನ ಮದ್ದಿಗಾಗಿ ಬಂದದ್ದಲ್ಲ, ದನದ ಬಾಯಿಯಿಂದ ತಾನು ಉಳಿಯಲು ಬಂದದ್ದು. ಬೀಜದ ಸ್ಟ್ರಿಕ್ನಿನ್ ವಿಷವೂ ಹಾಗೆಯೇ. ಇದನ್ನು ಓದಿದ ಮೇಲೆ ನನಗೆ ಆ ಮರದ ಕಹಿಯ ಬಗ್ಗೆಯೇ ಒಂದು ಗೌರವ ಹುಟ್ಟಿತು. ನಮ್ಮ ಊರಿಗೆ ಕಾಸರಗೋಡು ಎಂಬ ಹೆಸರು ಈ ಮರದಿಂದ ಬಂತೆಂದು ಹೇಳುವುದುಂಟು. 2023ರಲ್ಲಿ ಜಿಲ್ಲೆ ತನ್ನದೇ ಆದ ಮರ, ಹೂ, ಹಕ್ಕಿ, ಪ್ರಾಣಿಗಳನ್ನು ಘೋಷಿಸಿಕೊಂಡಾಗ ಮರವಾಗಿ ಆಯ್ಕೆಯಾದದ್ದೂ ಇದೇ. ಹಕ್ಕಿ ಬಿಳಿಹೊಟ್ಟೆಯ ಕಡಲ ಹದ್ದು. ಹೂ ಪೆರಿಯ ಎಂಬ ಊರಿನ ತೋಡುಗಳಲ್ಲಿ, ಅಂದರೆ ಸಣ್ಣ ತೊರೆಗಳಲ್ಲಿ, ಬೆಳೆಯುವ ಕ್ರೈನಮ್ ಮಲಬಾರಿಕಮ್, ವಿಜ್ಞಾನಕ್ಕೆ ಅದರ ಪರಿಚಯವಾದದ್ದೇ 2012ರಲ್ಲಿ. ಪ್ರಾಣಿ, ಚಂದ್ರಗಿರಿ ಹೊಳೆಯ ದೊಡ್ಡ ಮೆದುಚಿಪ್ಪಿನ ಆಮೆ. ದಿನದ ಹೆಚ್ಚಿನ ಹೊತ್ತು ಹೊಳೆಯ ಮರಳಿನಡಿ ಹುದುಗಿ ಅಲುಗಾಡದೆ ಕೂರುವ, ಹೆಚ್ಚಿನವರ ಕಣ್ಣಿಗೇ ಬೀಳದ ಜೀವ. ತೆಂಗು, ಅಡಕೆ, ಗೇರು ಇರುವ ಜಿಲ್ಲೆ ಕಹಿ ಕಾಸರಕವನ್ನು ಆರಿಸಿದ್ದು ನನಗೆ ಬಹಳ ಸಂತೋಷ ಕೊಟ್ಟಿತು.

ಆದರೆ ಟೇಲರರ ಹಾದಿ ನಮ್ಮ ಪದವನ್ನು ಪೂರ್ತಿ ಮುಟ್ಟುವುದಿಲ್ಲ. ಅವರಿಗೆ ಬಿಡಿ ಬಿಡಿ ಜೀವಗಳು ಮುಖ್ಯ. ಕಲ್ಲು, ನೀರಿನ ಪದರ, ಅಕ್ಟೋಬರಿನ ಒಣಗುವಿಕೆ, ಇದೆಲ್ಲ ಸೇರಿ ಆಗುವ ಪದವು ಎಂಬುದು ಬಿಡಿ ಜೀವವಲ್ಲವಲ್ಲ. ಅಲ್ಲಿಗೆ ನೆನಪಾಗುವುದು ಆಲ್ಡೋ ಲಿಯೊಪೋಲ್ಡ್. ಅಮೆರಿಕದ ಅರಣ್ಯಾಧಿಕಾರಿ, ಒಂದು ಕಾಲಕ್ಕೆ ತೋಳಗಳನ್ನು ಗುಂಡಿಕ್ಕಿ ಕೊಂದವರು. ಕೊಂದ ತೋಳದ ಕಣ್ಣಲ್ಲಿ ಹಸಿರು ಬೆಂಕಿಯೊಂದು ಆರುವುದನ್ನು ನೋಡಿದ್ದಾಗಿ ಬರೆದವರು. ಅವರು ತೀರಿಕೊಂಡ ಮರುವರ್ಷ, 1949ರಲ್ಲಿ, ಹೊರಬಂದ ಪುಸ್ತಕದಲ್ಲಿ ಮಣ್ಣು, ನೀರು, ಗಿಡ, ಪ್ರಾಣಿ ಎಲ್ಲ ಸೇರಿ ಒಂದು ಸಮುದಾಯ, ಮನುಷ್ಯ ಅದರ ಯಜಮಾನನಲ್ಲ, ಸದಸ್ಯ ಎಂದರು. ಆ ಸಮುದಾಯದ ಸಮಗ್ರತೆ, ಸ್ಥಿರತೆ, ಚೆಲುವನ್ನು ಉಳಿಸುವುದು ಸರಿ, ಕೆಡಿಸುವುದು ತಪ್ಪು. ಹಾಗಾದರೆ ಸಮುದಾಯಕ್ಕಾಗಿ ಬಿಡಿ ಜೀವವನ್ನು ಬಲಿಕೊಡಬಹುದೇ, ಅದು ಫ್ಯಾಸಿಸಂ ಎಂದು ರೇಗನ್ ಗುಡುಗಿದರು. ಈ ಜಗಳ ಪುಸ್ತಕದ್ದಲ್ಲ. ನಮ್ಮ ತೋಟಕ್ಕೆ ರಾತ್ರಿ ನುಗ್ಗುವ ಕಾಡುಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರ 2022ರಿಂದ ಕೇರಳದ ಪಂಚಾಯತು ಅಧ್ಯಕ್ಷರಿಗೇ ಇದೆ. ಹಂದಿ ಕೆಡವಿದ ಕಂಗಿನ ಸಸಿಗಳ ನಡುವೆ ನಿಂತಾಗ ನನಗೆ ಟೇಲರ್ ನೆನಪಾಗುವುದಿಲ್ಲ. ಇದಕ್ಕೆ ನನ್ನಲ್ಲಿ ಪರಿಹಾರವಿಲ್ಲ. ಬೆಲೆಯುಂಟು ಎಂದರೆ ಮುಟ್ಟಲೇಬಾರದು ಎಂದಾಗುವುದಿಲ್ಲ, ಮುಟ್ಟುವ ಮೊದಲು ಜವಾಬು ಹೇಳಬೇಕು ಎಂದಾಗುತ್ತದೆ ಎಂಬಷ್ಟನ್ನು ಮಾತ್ರ ನಾನು ಹಿಡಿದುಕೊಂಡಿದ್ದೇನೆ.

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ಬೆಲೆ ಎನ್ನುವುದು ವಸ್ತುವಿನಲ್ಲೇ ಇರುತ್ತದೋ, ನೋಡುವವರ ಕಣ್ಣಿನಲ್ಲೋ? ಅಮೆರಿಕದ ಪರಿಸರ ತತ್ತ್ವಜ್ಞಾನಿ ಹೋಮ್ಸ್ ರೋಲ್ಸ್ಟನ್ ವಸ್ತುವಿನಲ್ಲೇ ಎಂದರು. ಮನುಷ್ಯ ಬರುವ ಮೊದಲೇ ಜೀವಗಳು ತಮ್ಮ ಬದುಕಿಗೆ ಬೆಲೆ ಕಟ್ಟುತ್ತಲೇ ಇದ್ದವು, ನಾವು ತಡವಾಗಿ ಬಂದು ಕಂಡದ್ದು ಮಾತ್ರ. ಅವರು ಹೇಳುತ್ತಿದ್ದ ಒಂದು ಸಂಗತಿ ನನಗೆ ಬಹಳ ಇಷ್ಟ. ರಾಕಿ ಪರ್ವತಗಳ ಒಂದು ಬಿಡಾರದಲ್ಲಿ, ಬೇರೆಯವರೂ ನೋಡಿ ಸಂತೋಷಪಡಲಿ, ಹೂ ಕೀಳಬೇಡಿ ಎಂಬರ್ಥದ ಹಳೆಯ ಫಲಕಗಳಿದ್ದವಂತೆ. ಅವು ಹಳತಾದ ಮೇಲೆ ಬಂದ ಹೊಸ ಫಲಕದಲ್ಲಿ ಇದ್ದದ್ದು ಇಷ್ಟೇ: ಹೂಗಳು ಬದುಕಲಿ. ಎರಡು ಫಲಕಗಳೂ ತಡೆಯುವುದು ಒಂದೇ ಕೈಯನ್ನು. ಮೊದಲನೆಯದು ಆ ಕೈಗೆ ಬೇರೆ ಮನುಷ್ಯರನ್ನು ತೋರಿಸುತ್ತದೆ, ಎರಡನೆಯದು ಹೂವನ್ನೇ ತೋರಿಸುತ್ತದೆ. ಆಗಸ್ಟಿನಲ್ಲಿ ಫೋಟೋ ತೆಗೆಯಲು ಕಾರು ಮಾಡಿಕೊಂಡು ಪದವುಗಳಿಗೆ ಬಂದು, ನೀಲಿ ಹಾಸಿನ ಮೇಲೆ ಮಲಗಿ ಎದ್ದು ಹೋಗುವವರನ್ನು ನೋಡುವಾಗ ನನಗೆ ಈ ಎರಡನೇ ಫಲಕ ಬೇಕೆನಿಸುತ್ತದೆ.

ಅದೇ ಶಾಖೆಯ ಬೇರ್ಡ್ ಕ್ಯಾಲಿಕಾಟ್ ಒಪ್ಪುವುದಿಲ್ಲ. ಬೆಲೆ ಕೊಡುವ ಮನಸ್ಸಿಲ್ಲದೆ ಬೆಲೆಯಿಲ್ಲ ಎನ್ನುತ್ತಾರೆ. ಆದರೆ ಕೊಡುವವರಿಂದ ಹುಟ್ಟಿದ ಮಾತ್ರಕ್ಕೆ ಅದು ಕೊಡುವವರಿಗಾಗಿ ಇರಬೇಕೆಂದಿಲ್ಲ. ತಾಯಿ ಮಗುವಿಗೆ ಕೊಡುವ ಬೆಲೆ ತಾಯಿಯ ಮನಸ್ಸಿನಲ್ಲೇ ಹುಟ್ಟುತ್ತದೆ, ಆದರೂ ಅದು ಮಗುವಿಗಾಗಿ. ವರ್ಷಗಟ್ಟಲೆ ನಾನು ಇವರಿಬ್ಬರ ನಡುವೆ ಅತ್ತಿತ್ತ ಓಡಾಡಿದ್ದೇನೆ. ಈಗ ಅನಿಸುವುದು, ಕೋರೆಯವರ ಮುಂದೆ ನಿಂತಾಗ ಇಬ್ಬರೂ ಒಂದೇ ಕಡೆಗೆ ನಿಲ್ಲುತ್ತಾರೆ. ಬೆಲೆಯ ಮನೆ ಎಲ್ಲಿ ಎಂಬುದು ಇತ್ಯರ್ಥವಾಗುವ ತನಕ ಕಲ್ಲು ಕಾಯುವುದಿಲ್ಲ.

ಕಲ್ಲಿನ ಹೆಸರಿನದ್ದೂ ಒಂದು ಕಥೆ ಉಂಟು. ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಡಿಯುವುದನ್ನು ನೋಡಿ, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಬರಹದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನಿನಲ್ಲಿ ಇಟ್ಟಿಗೆ ಎಂಬ ಪದದಿಂದ. ಅಗೆಯುವಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ, ಕಟ್ಟಲು ಹೇಳಿ ಮಾಡಿಸಿದ್ದು. ಅಂದರೆ ಜಗತ್ತಿನ ಭೂವಿಜ್ಞಾನಕ್ಕೆ ಈ ಕಲ್ಲಿನ ಹೆಸರೇ ನಾವು ಅದರಿಂದ ಮಾಡಿಕೊಳ್ಳುವ ಉಪಯೋಗ. ಲಕ್ಷಾಂತರ ವರ್ಷ ಮಳೆ ಬಿಸಿಲಿಗೆ ಬಂಡೆ ಕರಗಿ, ಸಿಲಿಕ ತೊಳೆದುಹೋಗಿ, ಕಬ್ಬಿಣ ಅಲ್ಯೂಮಿನಿಯಂ ಉಳಿದು ಆದದ್ದಕ್ಕೆ ಇಟ್ಟಿಗೆ ಎಂದು ಹೆಸರು.

ನನ್ನ ಮನೆಯ ಗೋಡೆಯೂ ಅದೇ ಕಲ್ಲು ಎಂಬುದನ್ನು ಮರೆಮಾಚಿದರೆ ಈ ಬರಹಕ್ಕೆ ಅರ್ಥವಿಲ್ಲ. ಯಾರದೋ ಪದವು ಹೊಂಡವಾಗಿ ನನ್ನ ಮನೆ ಎದ್ದಿದೆ. ಕಲ್ಲು ಕಡಿಯುವವನ ಮನೆಯ ಒಲೆ ಉರಿಯುವುದೂ ಅದರಿಂದ. ಇತಿಹಾಸಕಾರ ರಾಮಚಂದ್ರ ಗುಹಾ 1989ರಲ್ಲೇ ಈ ಎಚ್ಚರ ಹೇಳಿದ್ದರು: ಪಶ್ಚಿಮದ ಆಳ ಪರಿಸರವಾದ ಕಾಡನ್ನು ಕಾಡಿಗಾಗಿ ಉಳಿಸಿ ಎನ್ನುತ್ತದೆ, ನಮ್ಮಲ್ಲಿ ಹಾಗೆ ಉಳಿಸಲು ಹೊರಟಾಗ ಎತ್ತಂಗಡಿಯಾಗುವುದು ಅಲ್ಲೇ ಬದುಕಿದ ಬಡವರು. ಆ ಮಾತು ನನ್ನ ಮೈಯಲ್ಲಿ ಮುಳ್ಳಿನ ಹಾಗೆ ಉಂಟು, ಇರಬೇಕಾದದ್ದೇ. ಪರಿಸರ ತತ್ತ್ವಜ್ಞಾನಿ ಬ್ರಯನ್ ನಾರ್ಟನ್ ಇನ್ನೊಂದು ಸಮಾಧಾನ ಹೇಳುತ್ತಾರೆ. ಮನುಷ್ಯನ ಹಿತವನ್ನು ದೂರದ ತನಕ ಯೋಚಿಸಿದರೆ ಸಾಕು, ಮಾಡಬೇಕಾದ್ದು ಎರಡೂ ದಾರಿಯಲ್ಲಿ ಒಂದೇ ಆಗುತ್ತದೆ ಎಂದು. ಇದನ್ನು ನಾನು ನಂಬುತ್ತಿದ್ದೆನೇನೋ, ಬೇರೆ ಕಡೆ ಹುಟ್ಟಿದ್ದರೆ.

ನಾನು ಹುಟ್ಟಿದ್ದು ಗೇರು ತೋಟದ ಪಕ್ಕದ ಊರಿನಲ್ಲಿ. 1970ರ ದಶಕದ ಕೊನೆಯಿಂದ 2000ದ ತನಕ ಈ ಜಿಲ್ಲೆಯ ಸರಕಾರಿ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಗೇರಿನ ಚಿಗುರು ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು. ಸಿಂಪಡಿಸುವ ಮೊದಲು ಬಾವಿ ಮುಚ್ಚಿ ಎಂದು ಹೇಳುವುದಿತ್ತು. ಅಪ್ಪ ತೆಂಗಿನ ಮಡಲು ಹಾಕಿ ಮುಚ್ಚುತ್ತಿದ್ದರು. ತೋಡನ್ನು ಮುಚ್ಚುವುದು ಯಾರು? ಪದವಿನ ಕುಳಿಗಳನ್ನು?

ಆಗ ನಮ್ಮ ಅಂಗಳದ ಅಂಚಿನಲ್ಲಿ ಎರಡು ತೊಡುವೆ ಜೇನಿನ ಪೆಟ್ಟಿಗೆ ಇದ್ದವು. ಒಂದು ದಿನ ಹೆಲಿಕಾಪ್ಟರ್ ಹೋದ ಮರುಬೆಳಗ್ಗೆ ಪೆಟ್ಟಿಗೆಯ ಬಾಯಿಯಿಂದ ಕೆಳಗೆ ಅಂಗಳದ ತನಕ ಸತ್ತ ಜೇನುಹುಳಗಳು. ಕೆಲವು ಇನ್ನೂ ಬೆನ್ನ ಮೇಲೆ ಬಿದ್ದು ತಿರುಗುತ್ತಿದ್ದವು. ನಾನು ಐದನೇ ಕ್ಲಾಸಿನಲ್ಲಿದ್ದೆ. ಅಪ್ಪ ಕುಕ್ಕುರುಗಾಲಿನಲ್ಲಿ ಕೂತು, ಹಿಡಿಸೂಡಿ ತಂದಿದ್ದವರು ಅದನ್ನು ಬದಿಗಿಟ್ಟು, ಕೈಯಿಂದಲೇ ಒಂದು ಹಾಳೆಯೊಳಗೆ ಒಟ್ಟುಮಾಡಿದರು. ಬಹಳ ಹೊತ್ತಾಯಿತು. ಎದ್ದು ನಿಂತು ಕೇಳಿದ್ದು ಒಂದೇ ಮಾತು: "ಇವು ಎಂಥ ಮಾಡಿದ್ದವು?"

ಜೇನಿನ ಕ್ರಯದ ಬಗ್ಗೆ ಅವರು ಆ ದಿನ ಮಾತಾಡಲಿಲ್ಲ. ತೋಟದ ಪರಾಗಸ್ಪರ್ಶದ ಬಗ್ಗೆ ಅವರಿಗೆ ಗೊತ್ತಿತ್ತು, ಅದನ್ನೂ ಹೇಳಲಿಲ್ಲ. ಎಂಥ ಮಾಡಿದ್ದವು ಎಂದು ನಾವು ಕೇಳುವುದು ಅನ್ಯಾಯವಾದವರ ಬಗ್ಗೆ. ನೂರಾರು ಪುಟ ಓದಿದ ಮೇಲೂ ಅಂತರ್ಗತ ಮೌಲ್ಯಕ್ಕೆ ಇದಕ್ಕಿಂತ ನೇರವಾದ ಮಾತು ನನಗೆ ಸಿಕ್ಕಿಲ್ಲ. ಆಮೇಲೆ ಬಹಳ ವರ್ಷ ನಮ್ಮ ಮನೆಯಲ್ಲಿ ಜೇನು ಇಡಲಿಲ್ಲ.

ಮುಂದಿನದ್ದು ಎಲ್ಲರಿಗೂ ಗೊತ್ತಿದೆ. ಅಂಗವೈಕಲ್ಯದ ಕರುಗಳು, ಆಮೇಲೆ ಮಕ್ಕಳು. ಪಡ್ರೆ, ಸ್ವರ್ಗ, ವಾಣಿನಗರದ ಮನೆಗಳು. ವೈದ್ಯ ವೈ. ಎಸ್. ಮೋಹನ್ ಕುಮಾರ್, ಪತ್ರಕರ್ತ ಶ್ರೀಪಡ್ರೆ ಅವರಂಥವರು ವರ್ಷಾನುಗಟ್ಟಲೆ ಬರೆದು, ಹೇಳಿ, ಹೋರಾಡಿದ ಮೇಲೆ 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಕೊಡಲೇಬೇಕಾಗಿದ್ದ ಹಣ, ಯಾವ ಮೊತ್ತವೂ ಸಾಲದು. ಆದರೆ ಕಪ್ಪೆ, ಮೀನು, ಜೇನು, ಪದವಿನ ಕುಳಿಯ ಗೊದಮೊಟ್ಟೆಗಳು ಸತ್ತದ್ದು ಲೆಕ್ಕಕ್ಕೆ ಬಂದದ್ದು ಸೂಚನೆಯಾಗಿ ಮಾತ್ರ. ಮನುಷ್ಯರಿಗೆ ಕೇಡು ಬರುತ್ತಿದೆ ಎಂಬುದಕ್ಕೆ ಸಾಕ್ಷಿಗಳಾಗಿ. ಅವು ಮೊದಲೇ ಸತ್ತಿದ್ದವು. ಅವುಗಳ ಸಾವೇ ಒಂದು ಅನ್ಯಾಯ ಎಂದು ಅವತ್ತೇ ಯಾರಾದರೂ ಎಣಿಸಿದ್ದರೆ ಹೆಲಿಕಾಪ್ಟರ್ ಮೊದಲನೇ ವರ್ಷವೇ ನಿಲ್ಲಬೇಕಿತ್ತು, ಮಕ್ಕಳ ತನಕ ಹೋಗುತ್ತಿರಲಿಲ್ಲ. ಮನುಷ್ಯನ ಹಿತವೊಂದನ್ನೇ ನೋಡಿದರೂ ಅಲ್ಲಿಗೇ ತಲುಪುತ್ತೇವೆ ಎನ್ನುವ ನಾರ್ಟನ್ನರಿಗೆ ನನ್ನ ಉತ್ತರ ಇದು: ತಲುಪುತ್ತೇವೆ, ಇಪ್ಪತ್ತು ವರ್ಷ ತಡವಾಗಿ.

ಕಾನೂನು ಈಚೆಗೆ ಕಣ್ಣು ತೆರೆದಿದೆ ಎನ್ನಬೇಕು. 1992ರ ಜೀವವೈವಿಧ್ಯ ಒಪ್ಪಂದದ ಪೀಠಿಕೆಯ ಮೊದಲ ಸಾಲಿನಲ್ಲೇ ಜೀವವೈವಿಧ್ಯದ ಅಂತರ್ಗತ ಮೌಲ್ಯದ ಮಾತಿದೆ. ನಮ್ಮ ಸುಪ್ರೀಂ ಕೋರ್ಟು 2012ರಲ್ಲಿ ಕಾಡೆಮ್ಮೆಗಳ ವಿಷಯದಲ್ಲಿ, 2013ರಲ್ಲಿ ಗೀರ್ ಸಿಂಹಗಳ ವಿಷಯದಲ್ಲಿ, ಮನುಷ್ಯಕೇಂದ್ರಿತ ನೋಟ ಬಿಟ್ಟು ನಿಸರ್ಗಕೇಂದ್ರಿತ ನೋಟ ಬೇಕೆಂದು ಬರೆಯಿತು. ಆ ಸಾಲುಗಳು ನಮ್ಮ ಪದವಿನ ತನಕ ಹತ್ತಿ ಬಂದಿಲ್ಲ. ಸಿಂಹಕ್ಕೆ ಸಿಕ್ಕಿದ್ದು ಸಾಸಿವೆಗಿಂತ ಸಣ್ಣ ಚೀಲದ ಗಿಡಕ್ಕೆ ಸಿಗಲು ಇನ್ನೆಷ್ಟು ಕಾಲವೋ.

ನಮ್ಮ ಹಿರಿಯರಿಗೆ ಇದೆಲ್ಲ ಗೊತ್ತಿತ್ತು, ನಾಗಬನ ಇರಲಿಲ್ಲವೇ ಎಂದು ಕೇಳುವವರಿದ್ದಾರೆ. ಇತ್ತು. ಬನದಲ್ಲಿ ಕತ್ತಿ ಹಾಕಬಾರದು, ಒಣಕಟ್ಟಿಗೆಯನ್ನೂ ತರಬಾರದು. ಅದರಿಂದಾಗಿಯೇ ಊರೊಳಗೂ ನಾಲ್ಕು ಹಳೆಯ ಮರ ಉಳಿದವು. ಆದರೆ ಅಲ್ಲಿ ಕೈ ತಡೆದದ್ದು ಹೆಚ್ಚಾಗಿ ಭಯ. ಭಯ ಹೋದ ಕಡೆಯಲ್ಲೆಲ್ಲ ಬನ ಸಿಮೆಂಟಿನ ಕಟ್ಟೆಯಾಯಿತು, ನಾಗನಿಗೆ ಟೈಲ್ಸ್ ಬಂತು, ಮರ ಹೋಯಿತು. ಅನಂತಪುರ ಕ್ಷೇತ್ರದ ಕೆರೆಯಲ್ಲಿದ್ದ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ಸತ್ತಾಗ ಮಾತ್ರ ನಾನು ಬೇರೇನನ್ನೋ ನೋಡಿದೆ. ಅಂತಿಮ ದರ್ಶನಕ್ಕೆ ಬಂದ ಜನರಲ್ಲಿ ಭಯವಿರಲಿಲ್ಲ. ಅದೊಂದು ಮೊಸಳೆ ಸತ್ತದ್ದಲ್ಲ, ಆ ಮೊಸಳೆ ಸತ್ತದ್ದು. ಈಚೆಗೆ ಕೆಲವರು ಉಪಯೋಗದ ಬೆಲೆ, ತನ್ನಷ್ಟಕ್ಕಿರುವ ಬೆಲೆ ಎರಡರ ನಡುವೆ ಸಂಬಂಧದ ಬೆಲೆ ಎಂಬ ಮೂರನೆಯದನ್ನು ಇಡುತ್ತಾರೆ. ಅದು ಬಬಿಯಾಗೆ ಸರಿ ಹೊಂದುತ್ತದೆ. ಆದರೆ ಮರಳಿನಡಿ ಹುದುಗಿದ ಆಮೆಗೆ ನಮ್ಮೊಡನೆ ಯಾವ ಸಂಬಂಧವುಂಟು? ಹೆಸರಿಡದ, ನೋಡದ, ಕೈಮುಗಿಯದ ಜೀವಕ್ಕೂ ನಿಲ್ಲಲು ಜಾಗ ಬೇಕು. ಅದಕ್ಕಾಗಿ ನಾನು "ತನ್ನಷ್ಟಕ್ಕೆ" ಎಂಬ ಹಳೆಯ ಮಾತನ್ನೇ ಹಿಡಿದುಕೊಂಡಿದ್ದೇನೆ.

ಹೊಂಡಕ್ಕೆ ಮಣ್ಣು ತುಂಬಿಸಿ ಕೊಡುತ್ತೇನೆ ಎಂದು ಕೋರೆಯವರು ಹೇಳಿದ್ದರಲ್ಲ, ಅದಕ್ಕೂ ಉತ್ತರ ಓದಿದ್ದೆ. 1982ರಲ್ಲಿ ರಾಬರ್ಟ್ ಎಲಿಯಟ್ ಹಾಗೆ ಮರಳಿ ಮಾಡಿಕೊಟ್ಟ ನಿಸರ್ಗವನ್ನು ದೊಡ್ಡ ಕಲಾವಿದನ ಚಿತ್ರದ ನಕಲಿಗೆ ಹೋಲಿಸಿದ್ದರು. ಎಷ್ಟೇ ಹೋಲಲಿ, ಅದು ಹೇಗೆ ಹುಟ್ಟಿತು ಎಂಬುದು ಬದಲಾಗಿದೆ. ಇಲ್ಲಂತೂ ಹೋಲುವ ಮಾತೇ ಇಲ್ಲ.

ಕೊನೆಗೆ ಅಣ್ಣನೊಡನೆ ಮಾತಾಡಿದೆ. ಇಬ್ಬರೇ ಪದವಿನ ಮೇಲೆ ಕೂತು, ಮೊದಲ ಬಾರಿಗೆ ನೀರು, ಮದ್ದು ಎಂದೆಲ್ಲ ಹೇಳದೆ, ಇದು ಇಲ್ಲಿ ಹೀಗೆಯೇ ಇರಬೇಕೆಂದು ನನಗೆ ಉಂಟು ಎಂದೆ. ಅಣ್ಣ ಸಿಟ್ಟಾಗಲಿಲ್ಲ. "ನಿನಗೆ ಸಂಬಳ ಉಂಟು, ನನಗೆ ಮಗಳ ಮದುವೆಯ ಸಾಲ ಉಂಟು" ಎಂದ. ಅದೂ ನಿಜವೇ. ಅವನ ಪಾಲಿನ ಅರ್ಧ ಹೋಗುತ್ತದೆ, ನನ್ನ ಪಾಲಿನ ಅರ್ಧ ಇರುತ್ತದೆ ಎಂದಾಯಿತು. ನೀರಿನ ಪದರಕ್ಕೆ ಸರ್ವೆ ಕಲ್ಲು ಗೊತ್ತಿಲ್ಲ, ಆಚೆ ಅಗೆದರೆ ಈಚೆಗೂ ಒಣಗೀತು ಎಂಬ ಹೆದರಿಕೆ ನನಗೆ ಇನ್ನೂ ಉಂಟು. ಅಳೆದಾಗ ಕಾಸರಕ ಅವನ ಕಡೆಗೆ ನಾಲ್ಕು ಅಡಿ ಒಳಗೆ ಬಂತು. ರಸ್ತೆ ಬದಿಯಲ್ಲಿ ನನಗಿದ್ದ ಒಂದು ತುಂಡು ಜಾಗ ಬಿಟ್ಟುಕೊಟ್ಟು ಗಡಿಯನ್ನು ಮರದಾಚೆಗೆ ಸರಿಸಿಕೊಂಡೆ. ಸೋದರಮಾವ ನನ್ನನ್ನೇ ನೋಡುತ್ತಿದ್ದರು, ಏನೂ ಹೇಳಲಿಲ್ಲ.

ಆಧಾರ, ಅಂದರೆ ಜಾಗದ ದಸ್ತಾವೇಜು, ಬರೆಯುವವರ ಹತ್ತಿರ ಹೋದೆವು. ನಮ್ಮದು ಕನ್ನಡದ ಆಧಾರ. ಸರ್ವೆ ನಂಬ್ರ, ನಾಲ್ಕು ದಿಕ್ಕಿನ ಗಡಿ ಎಲ್ಲ ಬರೆದು, ಕನ್ನಡಕ ಮೇಲೆತ್ತಿ ಕೇಳಿದರು: "ಮರ ಎಂಥದ್ದಾದರೂ ಉಂಟಾ? ಹಲಸು, ಮಾವು, ತೇಗ?"

"ಒಂದು ಕಾಸರಕ ಉಂಟು" ಎಂದೆ.

"ಅದನ್ನು ಬರೆಯುವ ಕ್ರಮ ಇಲ್ಲ ಮಾಷ್ಟ್ರೇ."

"ಬರೆಯಿರಿ" ಎಂದೆ.

ಅವರು ಅಣ್ಣನ ಮುಖ ನೋಡಿದರು. ಅಣ್ಣ ತಲೆಯಾಡಿಸಿದ. ಬರೆದರು.